ರೇಡಿಯೋನ ದೊಡ್ಡ ಕಾರ್ಡು

ನನ್ನ ಪಕ್ಕದ ಅಂಗಡಿಯವನನ್ನು ನಮ್ಮ ಸಾಲಿನವರೆಲ್ಲ ರೇಡಿಯೋ ಎಂದೇ ಕರೆಯುತ್ತಿದ್ದೆವು. ಬೆಳಿಗ್ಗೆ ಶಟರ್ ಎತ್ತುವಾಗ ಶುರುವಾದ ಮಾತು ಸಂಜೆ ಅದನ್ನು ಇಳಿಸುವವರೆಗೂ ನಿಲ್ಲುತ್ತಿರಲಿಲ್ಲ. ನಾನು ಕೈಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಸಾಸಿವೆಗಿಂತ ಸಣ್ಣ ಸ್ಕ್ರೂ ಒಂದನ್ನು ಚಿಮಟದಲ್ಲಿ ಎತ್ತುವ ಹೊತ್ತಿಗೆ ಸರಿಯಾಗಿ ಗೋಡೆಯಾಚೆ ಅವನ ನಗು ಸಿಡಿಯುತ್ತಿತ್ತು. ಸ್ಕ್ರೂ ಎಲ್ಲೋ, ನಾನೆಲ್ಲೋ. ಆಮೇಲೆ ಮಂಡಿಯೂರಿ ನೆಲ ತಡವುವುದು ನನ್ನ ಪಾಲಿನ ಕೆಲಸ. ಇವನ ಬ್ಯಾಟರಿ ಯಾವಾಗ ಮುಗಿಯುತ್ತದೋ ಎಂದು ಗೊಣಗುತ್ತಿದ್ದೆ.

ಅವನು ಮಾರುತ್ತಿದ್ದದ್ದು ಮೆಮೊರಿ ಕಾರ್ಡು, ಬ್ಯಾಟರಿ, ಕ್ಯಾಮೆರಾದ ಚೀಲ, ಮೂರು ಕಾಲಿನ ಸ್ಟ್ಯಾಂಡು. ಬಾಡಿಗೆಗೆ ಕೊಡಲು ಒಂದು ಒಳ್ಳೆಯ ಕ್ಯಾಮೆರಾ ಕೂಡ ಇತ್ತು. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದ ಕಾರ್ಡುಗಳ ಮೇಲೆ ಎರಡೆರಡು ಅಂಕಿಗಳಿರುತ್ತಿದ್ದವು. ದಪ್ಪ ಅಂಕಿ ಕಾರ್ಡಿನಲ್ಲಿ ಎಷ್ಟು ಹಿಡಿಸುತ್ತದೆ ಎಂಬುದಕ್ಕೆ. ಮೂಲೆಯಲ್ಲಿ ಇರುವೆಯಂತೆ ಕೂತ ಅಂಕಿ, ಅದು ಎಷ್ಟು ಬೇಗ ಬರೆದುಕೊಳ್ಳುತ್ತದೆ ಎಂಬುದಕ್ಕೆ. ದಪ್ಪ ಅಂಕಿ ದುಪ್ಪಟ್ಟಾದರೆ ಬೆಲೆ ಅಷ್ಟಿಷ್ಟು ಏರುತ್ತದೆ. ಇರುವೆ ಅಂಕಿ ದುಪ್ಪಟ್ಟಾದರೆ ಮಾತ್ರ ಬೆಲೆ ಅಟ್ಟ ಹತ್ತಿ ಕೂರುತ್ತದೆ. ಹಾಗಾಗಿ ಎಷ್ಟೋ ಸಲ ದೊಡ್ಡ ಕಾರ್ಡು ಅಗ್ಗ, ಚಿಕ್ಕ ಕಾರ್ಡು ದುಬಾರಿ. ರೇಡಿಯೋಗೆ ಈ ನ್ಯಾಯ ಆಗ ಅರಗುತ್ತಿರಲಿಲ್ಲ. ಮಗುವಿನ ಅಂಗಿಗೆ ಅಪ್ಪನ ಅಂಗಿಗಿಂತ ಜಾಸ್ತಿ ಕೇಳಿದ ಹಾಗಾಯ್ತು ಎಂದು ಗಿರಾಕಿಗಳ ಮುಂದೆಯೇ ನಗುತ್ತಿದ್ದ. ಸುಮ್ಮನೆ ದೊಡ್ಡದು ಒಯ್ಯಿರಿ ಎಂದು ದೊಡ್ಡದನ್ನೇ ಕಟ್ಟಿಕೊಡುತ್ತಿದ್ದ.

ಅವನ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು. ಮದುವೆಯಾದ ಮೇಲೂ ಅಂಗಡಿಗೆ ಬಂದು ಕೂರುತ್ತಿದ್ದಳು, ನನ್ನನ್ನು ಮಾಮ ಎನ್ನುತ್ತಿದ್ದಳು. ಅಪ್ಪ ದೊಡ್ಡ ಕಾರ್ಡು ಕಟ್ಟಿಕೊಟ್ಟು ಕಳಿಸಿದವರನ್ನು ಬಾಗಿಲಲ್ಲಿ ತಡೆದು, ಏನು ರೆಕಾರ್ಡ್ ಮಾಡುತ್ತೀರಿ ಎಂದು ವಿಚಾರಿಸಿ, ಬೇಕಾದರೆ ಬದಲಿಸಿಕೊಡುತ್ತಿದ್ದಳು. ಫೋಟೋ ತೆಗೆಯುವವರಿಗೆ ಯಾವುದಾದರೂ ನಡೆಯುತ್ತದೆ, ಒಳ್ಳೆಯ ಕ್ಯಾಮೆರಾದಲ್ಲಿ ವಿಡಿಯೋ ಮಾಡುವವರಿಗೆ ನಡೆಯುವುದಿಲ್ಲ ಎಂಬುದು ಅವಳ ವಾದ. ಅಪ್ಪ ಮಗಳ ಈ ಜಗಳ ನಮ್ಮ ಸಾಲಿಗೆ ದಿನನಿತ್ಯದ ಮನರಂಜನೆಯಾಗಿತ್ತು.

ಒಂದು ಉಪಾಯ ಮಾತ್ರ ರೇಡಿಯೋನ ಸ್ವಂತದ್ದು. ಕ್ಯಾಮೆರಾ ಓಡುವಾಗ ಮುಂದುಗಡೆ ಉರಿಯುವ ಕೆಂಪು ದೀಪ ಕಂಡರೆ ಎಂಥ ಮಾತುಗಾರನೂ ಮರಗಟ್ಟಿ ಕೂರುತ್ತಾನೆ, ಅದರ ಮೇಲೊಂದು ಚೂರು ಕರಿ ಟೇಪು ಅಂಟಿಸಿ ಎಂದು ಬಾಡಿಗೆಗೆ ಒಯ್ಯುವವರಿಗೆಲ್ಲ ಹೇಳುತ್ತಿದ್ದ. ಟೇಪನ್ನು ತಾನೇ ಹರಿದುಕೊಡುತ್ತಿದ್ದ.

ಆಮೇಲೆ ಅವನ ದನಿ ಒಡೆಯಿತು. ಶೀತ ಅಂದುಕೊಂಡೆವು. ಶೀತ ಹೋಗಲಿಲ್ಲ. ಗಂಟಲಲ್ಲಿ ಗಂಟಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು ಡಾಕ್ಟರು. ಮಗಳು ಆಗ ತುಂಬು ಬಸುರಿ. ಹುಟ್ಟುವ ಮಗು ತಾತನ ದನಿಯನ್ನೇ ಕೇಳುವುದಿಲ್ಲವಲ್ಲ ಎಂಬುದೊಂದೇ ಅವನ ಕೊರಗು. ಆಪರೇಷನ್ನಿನ ಹಿಂದಿನ ದಿನ ಅಂಗಡಿಯಲ್ಲೇ ಕೂತು, ಮಗುವಿಗೆ ಹೇಳಬೇಕಾದ್ದನ್ನೆಲ್ಲ ಕ್ಯಾಮೆರಾದ ಮುಂದೆ ಹೇಳಿಬಿಡುತ್ತೇನೆಂದ.

ಮಗಳು ಗಾಜಿನ ಪೆಟ್ಟಿಗೆಯಿಂದ ಬೇಗ ಬರೆದುಕೊಳ್ಳುವ ಚಿಕ್ಕ ಕಾರ್ಡು ತೆಗೆದಳು. ಅವನು ಅದನ್ನು ಕಸಿದು ವಾಪಸ್ಸಿಟ್ಟ.

"ಅದು ಮಾರೋಕಿರ್ಲಿ. ನನ್ನ ಮಾತು ಅದ್ರಲ್ಲಿ ಹಿಡಿಯಲ್ಲ. ದೊಡ್ಡದು ಹಾಕು."

"ಅಪ್ಪಾ, ಕೊಡ ದೊಡ್ಡದಿದ್ರೆ ಸಾಲದು, ಬಾಯೂ ಅಗಲ ಇರ್ಬೇಕು. ನಲ್ಲಿ ಜೋರಾಗಿ ಬಿಟ್ರೆ ಎಲ್ಲಾ ಹೊರಗೇ ಚೆಲ್ಲುತ್ತೆ."

"ನನ್ನ ಬಾಯಿ ಅಗಲ ಇದೆಯಲ್ಲಮ್ಮ, ಸಾಕು."

ಹಾಗಾದರೆ ಚಿತ್ರದ ಗುಣಮಟ್ಟವನ್ನಾದರೂ ತಗ್ಗಿಸುತ್ತೇನೆ, ಈ ಕಾರ್ಡು ತಡೆದುಕೊಳ್ಳುತ್ತದೆ ಎಂದಳು. ಅದಕ್ಕೂ ಅವನು ಒಪ್ಪಲಿಲ್ಲ. ತನ್ನ ಗಲ್ಲದ ಮಚ್ಚೆ ಕೂಡ ಮೊಮ್ಮಗುವಿಗೆ ಸ್ಪಷ್ಟವಾಗಿ ಕಾಣಬೇಕಂತೆ. ಮರುದಿನ ಗಂಟಲು ಕೊಯ್ಯಿಸಿಕೊಳ್ಳುವವನ ಜೊತೆ ಯಾರು ತಾನೇ ಹಟಕ್ಕೆ ಬೀಳುತ್ತಾರೆ? ದೊಡ್ಡ ಕಾರ್ಡೇ ಒಳಗೆ ಹೋಯಿತು. ಟೇಪನ್ನು ಅವನೇ ಹರಿದು ದೀಪದ ಮೇಲೆ ಅಂಟಿಸಿದ. ಅವಳು ಬಟನ್ ಒತ್ತಿ, ಓಡುತ್ತಿದೆಯೆಂದು ನೋಡಿಕೊಂಡು, ಕ್ಯಾಮೆರಾದ ಪಕ್ಕದ ಸ್ಟೂಲಿನ ಮೇಲೆ ಕೂತಳು. ನನ್ನನ್ನೂ ಕರೆದು ಕೂರಿಸಿದ್ದರು.

ಕತ್ತಲಾಗುವವರೆಗೆ ಮಾತಾಡಿದ. ದನಿ ಒಡಕಲಾಗಿತ್ತು, ಆದರೂ ನಗಿಸಿದ. ಒಂದು ಕಡೆ ಹೆಂಡತಿಯ ಬಗ್ಗೆ ಏನೋ ಹೇಳಿದ, ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ನಡುವೆ ಎರಡು ಸಲ ಗಿರಾಕಿಗಳಿಗಾಗಿ ಎದ್ದು ಹೋಗಿ ಬಂದೆ. ಹೇಗಿದ್ದರೂ ರೆಕಾರ್ಡ್ ಆಗುತ್ತಿದೆಯಲ್ಲ ಎಂದು ನಾವಿಬ್ಬರೂ ಅವನ ಮುಖ ನೋಡಿದೆವೇ ಹೊರತು ಮಾತನ್ನು ಕಟ್ಟಿಟ್ಟುಕೊಳ್ಳಲಿಲ್ಲ. ಮುಗಿದಾಗ ಕ್ಯಾಮೆರಾದ ತೆರೆ ಕಪ್ಪಾಗಿತ್ತು. ಬ್ಯಾಟರಿ ಉಳಿಸಲು ಅದು ಹಾಗಾಗುವುದು ಮಾಮೂಲಿ ಎಂದುಕೊಂಡು ಮಗಳು ಸ್ವಿಚ್ ಆರಿಸಿದಳು. ಅವನು ಕಾರ್ಡನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಡ್ರಾಯರಿನಲ್ಲಿ ಬೀಗಹಾಕಿದ. ಈಗ ಯಾರೂ ನೋಡಬೇಡಿ, ನಾಚಿಕೆಯಾಗುತ್ತದೆ, ಯಾರಿಗಾಗಿ ಹೇಳಿದೆನೋ ಅವರು ಬಂದ ಮೇಲೆ ನೋಡೋಣ ಎಂದ. ರೇಡಿಯೋಗೆ ನಾಚಿಕೆಯಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಪರೇಷನ್ ಆಯಿತು. ಕತ್ತಿನಲ್ಲೊಂದು ತೂತು, ಅದರ ಮೇಲೆ ಬಿಳಿ ಬಟ್ಟೆ, ಕೈಯಲ್ಲಿ ಮಕ್ಕಳ ಸ್ಲೇಟು ಹಿಡಿದು ಮನೆಗೆ ಬಂದ. ಮಗಳಿಗೆ ಹೆಣ್ಣುಮಗು ಹುಟ್ಟಿತು. ಕೂಸನ್ನು ಮೊದಲ ಸಲ ಅಂಗಡಿಗೆ ತಂದ ದಿನ ಬೀಗ ತೆಗೆದು, ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆವು.

ತೆರೆಯ ಮೇಲೆ ರೇಡಿಯೋ ಕಾಣಿಸಿಕೊಂಡ. ಮಚ್ಚೆ ಸ್ಪಷ್ಟವಾಗಿತ್ತು. ಅಂಗಿಯ ಕಾಲರ್ ಸರಿಮಾಡಿಕೊಂಡ, ಕೆಮ್ಮಿದ, ಮುಂದಕ್ಕೆ ಬಾಗಿ ಕೇಳಿದ: "ಶುರುವಾಯ್ತಾ?"

ಅಲ್ಲಿಗೆ ಮುಗಿಯಿತು. ಮುಂದೆ ಏನೂ ಇರಲಿಲ್ಲ. ಕಾರ್ಡಿನಲ್ಲಿ ಬೇಕಾದಷ್ಟು ಜಾಗ ಖಾಲಿ ಬಿದ್ದಿತ್ತು. ಕ್ಯಾಮೆರಾ ಸುರಿದ ವೇಗಕ್ಕೆ ಅದು ಬರೆದುಕೊಳ್ಳಲಾರದೆ ಹೋಗಿತ್ತು, ಕ್ಯಾಮೆರಾ ತಾನಾಗಿಯೇ ನಿಂತಿತ್ತು. ನಿಂತಾಗ ಕೆಂಪು ದೀಪವೂ ಆರಿರಬೇಕು. ಟೇಪಿನ ಕೆಳಗೆ ಅದು ಯಾರಿಗೆ ಕಾಣಬೇಕು?

ಮಗಳು ಮತ್ತೆ ಮತ್ತೆ ಹುಡುಕಿದಳು. ಆಗಲೇ ಹೇಳಿದ್ದೆ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಅದನ್ನು ಅವನೇ ಸ್ಲೇಟಿನ ಮೇಲೆ ಬರೆದ: ನೀನು ಹೇಳಿದ್ದೆ. ಬರೆದು, ಕ್ಯಾಮೆರಾ ಎತ್ತಿಕೊಂಡು, ಉಗುರಿನಿಂದ ಕರಿ ಟೇಪನ್ನು ಕಿತ್ತು ಹಾಕಿದ. ಅಂಟು ಉಳಿದಿತ್ತು, ಅದನ್ನು ಬಹಳ ಹೊತ್ತು ಉಜ್ಜುತ್ತ ಕೂತ.

ಕೆಲವು ದಿನ ಬಿಟ್ಟು ಸ್ಲೇಟು ನನ್ನ ಮುಂದೆ ಹಿಡಿದ. "ಅವತ್ತು ನಾನು ಏನೇನು ಹೇಳಿದೆ?" ಎಂದು ಬರೆದಿತ್ತು. ಅವನಿಗೂ ನೆನಪಿರಲಿಲ್ಲ. ಮಾತಾಡುವವರು ತಮ್ಮ ಮಾತನ್ನು ನೆನಪಿಟ್ಟುಕೊಳ್ಳುವುದಿಲ್ಲ, ಅದು ಕೇಳಿದವರ ಕೆಲಸ. ನಾನೂ ಮಗಳೂ ಕೂತು ಜೋಡಿಸಲು ನೋಡಿದೆವು. ಅವಳಿಗೆ ತಾನು ಅತ್ತದ್ದು ನೆನಪಿತ್ತು, ನನಗೆ ನಕ್ಕದ್ದು. ಯಾವ ಮಾತಿಗೆ ಎಂದರೆ ಇಬ್ಬರೂ ಬೆಪ್ಪಾಗುತ್ತಿದ್ದೆವು. ಫೋನುಗಳಲ್ಲಿ ಅವನ ದನಿಯ ಚೂರುಪಾರು ಸಿಕ್ಕಿತು. ಸ್ವಲ್ಪ ಎಡಕ್ಕೆ ನಿಲ್ಲಿ, ಚಿಲ್ಲರೆ ಕೊಡಿ, ಇಂಥವು. ಕಡೆಗೆ ಅವನೇ ಕಾಗದದ ಮೇಲೆ ಬರೆಯಲು ಕೂತ. ಬರೆದದ್ದನ್ನು ಓದಿದರೆ ಸರ್ಕಾರಿ ಕಚೇರಿಗೆ ಹಾಕಿದ ಅರ್ಜಿಯಂತಿತ್ತು. ಅವನೇ ಹರಿದ.

ಈಗ ಅಂಗಡಿ ಮಗಳದು. ಅವನು ಮೂಲೆಯ ಸ್ಟೂಲಿನ ಮೇಲೆ ಕೂರುತ್ತಾನೆ. ಯಾರಾದರೂ ದೊಡ್ಡ ಕಾರ್ಡನ್ನು ಅಗ್ಗವೆಂದು ಎತ್ತಿಕೊಂಡರೆ ಎದ್ದು ಬಂದು ಇರುವೆ ಅಂಕಿಯ ಮೇಲೆ ಬೆರಳಿಡುತ್ತಾನೆ. ಅರ್ಥವಾಗದವರು ಮಗಳ ಮುಖ ನೋಡುತ್ತಾರೆ. ನನ್ನ ಸ್ಕ್ರೂಗಳು ಈಗ ಬೀಳುವುದಿಲ್ಲ. ಕೆಲಸ ಬೇಗ ಮುಗಿಯುತ್ತದೆ, ಮನಸ್ಸಿಗೆ ಮಾತ್ರ ಬೇಸರ.

ಮೊಮ್ಮಗಳು ಮಾತು ಕಲಿತಿದ್ದಾಳೆ. ತಾತನ ಬಾಯಿ ಅವಳಿಗೆ ಬಂದಿದೆ, ಸುಮ್ಮನಿರುವುದು ಗೊತ್ತೇ ಇಲ್ಲ. ಅಂಗಡಿಗೆ ಬಂದ ಕೂಡಲೇ ಕಂಪ್ಯೂಟರಿನ ತಾತ ಬೇಕೆಂದು ಹಟ ಹಿಡಿಯುತ್ತಾಳೆ. ಮೊನ್ನೆಯೂ ಮಗಳು ಹಾಕಿದಳು. ನಾನು ಅಲ್ಲೇ ಇದ್ದೆ. ತೆರೆಯ ಮೇಲಿನವನು ಕಾಲರ್ ಸರಿಮಾಡಿಕೊಂಡು, ಕೆಮ್ಮಿ, ಬಾಗಿ, ಶುರುವಾಯ್ತಾ ಎಂದು ಕೇಳಿದ.

"ಆಯ್ತು ತಾತಾ, ಹೇಳು," ಎಂದಿತು ಮಗು.

ತೆರೆ ಕಪ್ಪಾಯಿತು. ಅವಳು ಸ್ವಲ್ಪ ಕಾದು ನೋಡಿ, ಸ್ಟೂಲಿನ ಕಡೆ ತಿರುಗಿದಳು. ರೇಡಿಯೋನ ತುಟಿ ಅಲ್ಲಾಡಿತು, ಕತ್ತಿನ ಬಟ್ಟೆಯಡಿಯಿಂದ ಬರೀ ಗಾಳಿ ಬಂತು. ಅವಳು ಅವನ ಮೊಣಕಾಲಿಗೆ ಆತುಕೊಂಡು, ಅವನ ಬಾಯಿಯನ್ನೇ ನೋಡುತ್ತ ನಿಂತಳು.