ಷಟರಿನ ಮೇಲಿನ ಕುರಿಗಳು

ಎರಡು ಡಬ್ಬಿ ಬಣ್ಣ, ದಿನಕ್ಕೆ ಅರ್ಧ ಗಂಟೆ. ಚಿತ್ರದುರ್ಗದ ನನ್ನ ಮಿಕ್ಸಿ ಅಂಗಡಿಯ ಷಟರಿನ ಮೇಲೆ ಕುರಿಮಂದೆ ಬರೆಸಿದ್ದಕ್ಕೆ ನನಗೆ ಬಿದ್ದದ್ದು ಇಷ್ಟೇ. ಅಷ್ಟು ಅಗ್ಗಕ್ಕೆ ಯಾಕೆಂದರೆ, ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಯುವ ಚಾಚಾಗೆ ಕೆಲಸವೇ ಇರಲಿಲ್ಲ. ಚಹಾದ ಲೋಟ ಹಿಡಿದರೆ ಅರ್ಧ ಚೆಲ್ಲುವಷ್ಟು ಅವರ ಬಲಗೈ ನಡುಗುತ್ತಿತ್ತು. ಬ್ರಷ್ಷು ಹಿಡಿದಾಗ ಮಾತ್ರ ನಿಂತುಬಿಡುತ್ತಿತ್ತು. ಆ ನಡುಕ ತೋರಿಸಿಯೇ ನಾನು ರೇಟು ಇಳಿಸುತ್ತ ಹೋದೆ.

ಕೊನೆಗೆ ಅವರೇ ಕೂಲಿ ಬೇಡವೆಂದರು. "ಒಂದೇ ಮಾತು ಸಾವ್ಕಾರ್ರೇ. ಮಧ್ಯಾಹ್ನ ಉಣ್ಣಾಕೆ ಹೋಗುವಾಗ ಅರ್ಧ ಗಂಟೆ ಷಟರ್ ಪೂರಾ ಎಳೀರಿ. ಬೆಳಕಿದ್ದಾಗ ಜನ ನೋಡ್ಲಿ."

ಬರೆಯುತ್ತ ಹೇಳಿದ್ದರು: "ನಮ್ಮ ಅಬ್ಬಾ ಕಾಲದಾಗೆ ಚಿತ್ರ ಇದ್ದಿದ್ದು ದೊಡ್ಡೋರ ಪಡಸಾಲ್ಯಾಗೆ. ನಮ್ಮಂಥೋರು ಚಪ್ಲಿ ಬಿಡೋ ತಾವಿಂದ ಇಣುಕ್ಬೇಕಿತ್ತು. ನಾನು ಟಾಕೀಸ್ ಮುಂದೆ ಬ್ಯಾನರ್ ಬರೆದೆ, ಟಿಕೆಟ್ ಇಲ್ದೋರೂ ಕತ್ತೆತ್ತಿ ನೋಡಿದ್ರು. ಈಗ ಚಿತ್ರ ಪ್ರದರ್ಶನ ಅಂದ್ರೆ ದೊಡ್ಡ ಹೋಟ್ಲಿನ ಹಾಲ್‌ನಾಗೆ, ಒಳಗೆ ಬಿಡಾಕೆ ಕೈಯಾಗೆ ಪಾಸು ಬೇಕು. ನಿಮ್ಮ ಷಟರಿಗೆ ಕಾವಲುಗಾರ ಇಲ್ಲ ನೋಡ್ರಿ."

ಒಂದು ತಿಂಗಳು ಎಳೆದೆ. ವ್ಯಾಪಾರ ತಪ್ಪುತ್ತದೆಂದು ಆಮೇಲೆ ಊಟದ ಡಬ್ಬಿಯನ್ನು ಅಂಗಡಿಗೇ ತರಿಸಿಕೊಂಡೆ. ಒಂದು ಮಧ್ಯಾಹ್ನ ಚಾಚಾ ಇಬ್ಬರು ಮುದುಕ ಕುರಿಗಾಹಿಗಳನ್ನು ಕರೆತಂದರು.

"ಶ್ರೀರಾಂಪುರದಿಂದ ಬಂದವ್ರೆ ಸಾವ್ಕಾರ್ರೇ. ಐದು ನಿಮಿಷ ಎಳೀರಿ."

"ಕುರಿ ನೋಡಾಕೆ ಬಸ್ ಹತ್ತಿ ಬಂದ್ರಾ? ಮನ್ಯಾಗಿರಾವು ಸಾಲಲ್ವೇನಪ್ಪ?" ಎಂದೆ.

ಗಿರಾಕಿಗಳು ನಕ್ಕರು. ಕುರಿಗಾಹಿಗಳೂ ನಕ್ಕರು. ಚಾಚಾ ನಡುಗುವ ಕೈಯನ್ನು ಜೇಬಿಗೆ ಹಾಕಿಕೊಂಡರು. ಬಸ್ಸಿನ ಹೊತ್ತಿನವರೆಗೂ ಮೂವರೂ ಎದುರು ಕಟ್ಟೆಯ ಮೇಲೆ ಕುಂತಿದ್ದರು. ನಾನು ಎಳೆಯಲಿಲ್ಲ.

ಕಳೆದ ವರ್ಷ ಮಿಕ್ಸಿ ಕಂಪನಿಯವರು ಷಟರಿಗೆ ಪುಕ್ಕಟೆ ಜಾಹೀರಾತು ಬರೆಸಿಕೊಡುತ್ತೇವೆಂದರು. ಪುಕ್ಕಟೆಗೆ ಬೇಡ ಅಂದವನಲ್ಲ ನಾನು. ಅವರು ಬರೆಸಿಹೋದ ಹತ್ತು ದಿನಕ್ಕೆ ಚಾಚಾ ತೀರಿಕೊಂಡರು. ಶವ ಹಾದುಹೋಗುವಾಗ ಷಟರ್ ಎಳೆಯುವುದು ನಮ್ಮ ಬೀದಿಯ ರೂಢಿ. ಉರಿಬಿಸಿಲಲ್ಲಿ ಜನಾಜಾ ತಿರುವಿಗೆ ಬಂದಾಗ ಎಲ್ಲರ ಜೊತೆ ನಾನೂ ಎಳೆದೆ. ಹೊತ್ತವರು ನನ್ನ ಅಂಗಡಿ ಮುಂದೆ ಹೆಜ್ಜೆ ನಿಧಾನ ಮಾಡಿ ಇತ್ತ ತಿರುಗಿದರು. ಚಾಚಾ ಚಿತ್ರದ ವಿಷಯ ಅವರಿಗೂ ಹೇಳಿದ್ದರೇನೋ. ಷಟರಿನ ಮೇಲೆ "ಹಳೇ ಮಿಕ್ಸಿ ತನ್ನಿ, ಹೊಸದು ಒಯ್ಯಿರಿ" ಅಂತಿತ್ತು.

ಚೌಕಾಸಿ ಮಾಡಿ, ಬೇಡ ಅನ್ನುವುದಿಲ್ಲ. ನಾನು ಈಗಲೂ ಮಾಡುತ್ತೇನೆ. ಆದರೆ ಕೂಲಿ ಬಿಟ್ಟವನು ಒಂದು ಷರತ್ತು ಕೇಳಿದರೆ ಅದೇ ಅವನ ರೇಟು ಅಂತ ತಿಳಿಯಿರಿ. ಅವನು ಬದುಕಿರುವಾಗಲೇ ಕೊಟ್ಟುಬಿಡಿ. ಬಣ್ಣ ಹೊಡೆಸಿ ಅಳಿಸುವ ಮುಂಚೆ ಒಂದು ಫೋಟೋನಾದರೂ ತೆಗೆದಿಟ್ಟುಕೊಳ್ಳಿ. ನನ್ನ ಹತ್ತಿರ ಅದೂ ಇಲ್ಲ.