ಸುಣ್ಣದಮ್ಮನ ನಿಜವಾದ ಹೆಸರು

ಮೊನ್ನೆ ಲೆಪರ್ಡ್ಸ್‌ಟೌನಿನ ಅಂಗಡಿಯೊಂದರಲ್ಲಿ ಬಿಸಿ ಬ್ರೆಡ್ಡಿನಿಂದ ಶಾಜೀರಿಗೆಯ ವಾಸನೆ ಬಂತು. ಬುಟ್ಟಿ ಕೆಳಗಿಟ್ಟು ಸುಮ್ಮನೆ ನಿಂತುಬಿಟ್ಟೆ. ಹಿಂದೆ ನಾವಿದ್ದ ಅತ್ಲೋನ್ ಎಂಬ ಐರಿಷ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಜರ್ಮನ್ ಅಜ್ಜ ಪ್ರತಿ ಶನಿವಾರ ಬೇಯಿಸುತ್ತಿದ್ದ ಕಪ್ಪು ಬ್ರೆಡ್ಡಿಗೂ ಇದೇ ವಾಸನೆಯಿತ್ತು...

ಊರ ತುಂಬ ಕ್ರೇನುಗಳು ನಿಂತು, ನೋಡನೋಡುತ್ತಲೇ ಹೊಸ ಬಡಾವಣೆಗಳು ಏಳುತ್ತಿದ್ದ ವರ್ಷಗಳವು. ಗಂಡನಿಗೆ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ನಾಲ್ಕು ವರ್ಷದ ಮಗಳನ್ನು ಶಾಲೆಗೆ ಬಿಟ್ಟು ಬಂದರೆ ಮಾತಿಗೆ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಹಾಗಿರುವಾಗ ಒಂದು ದಿನ ಅಜ್ಜ ಬೇಲಿಯಾಚೆಯಿಂದ ಬಟ್ಟೆಯಲ್ಲಿ ಸುತ್ತಿದ ಬ್ರೆಡ್ ಚಾಚಿ, “ಒಬ್ಬನಿಗೆ ಇದು ಜಾಸ್ತಿಯಾಯ್ತು” ಎಂದರು. ಅಲ್ಲಿಂದ ನಮ್ಮ ಸ್ನೇಹ. ನನ್ನ ಉಪ್ಪಿಟ್ಟಿನ ಮೆಣಸಿನಕಾಯಿಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಟ್ಟು, ಉಳಿದದ್ದನ್ನು ಒಂದಗುಳೂ ಬಿಡದೆ ತಿನ್ನುತ್ತಿದ್ದರು.

ಅವರು ಯಾರೆಂದು ತಿಳಿದದ್ದು ಮುಂದಿನ ಬೇಸಿಗೆಯಲ್ಲಿ. ಅವರ ಗೇಟಿನ ಮುಂದೆ ಬಸ್ಸೊಂದು ನಿಂತು, ಇಪ್ಪತ್ತು ಜನ ಜರ್ಮನರು ಎದೆಗೆ ಪುಸ್ತಕ ಅವಚಿಕೊಂಡು ಇಳಿದರು. ಅಜ್ಜ ಹಿತ್ತಲಿನಿಂದ ನಮ್ಮ ಅಡುಗೆಮನೆಗೆ ನುಗ್ಗಿ, “ನಾನಿಲ್ಲ ಅಂತ ಹೇಳಿ” ಎಂದು ಕುರ್ಚಿಯಲ್ಲಿ ಕುಸಿದರು.

“ಲೇ, ಅವ್ರು ಅಷ್ಟು ದೊಡ್ಡ ರೈಟರ್ ಅಂತೆ ಕಣೇ! ಜರ್ಮನಿಲಿ ಮನೆಮನೆಲೂ ಅವ್ರ ಪುಸ್ತಕ ಐತಂತೆ,” ಎಂದು ಗಂಡ ಸಂಜೆ ಬೆರಗಾದರು.

ನಿಜವೇ. ಅಜ್ಜ ಬರೆದ ಕಾದಂಬರಿಗಳೆಲ್ಲ ತಾವು ಬೆಳೆದ ಒಂದೇ ಕಣಿವೆಯವು; ಅಲ್ಲಿನ ಜನ, ಅಲ್ಲಿನ ನುಡಿ. ಹುಟ್ಟೂರಿನ ಒಂದು ಬೀದಿಗೆ ಅವರ ಹೆಸರೇ ಇತ್ತು. ಆದರೂ ಅವರು ಆ ಊರಿಗೆ ಕಾಲಿಟ್ಟು ಮೂವತ್ತು ವರ್ಷವಾಗಿತ್ತು. ಕಾರಣವನ್ನು ಎಷ್ಟೋ ತಿಂಗಳ ನಂತರ, ಬ್ರೆಡ್ ಕೊಯ್ಯುತ್ತಾ ಹೇಳಿದರು.

ಮೊದಲ ಕಾದಂಬರಿಯಲ್ಲಿ ಒಬ್ಬ ಬೇಕರಿ ಹೆಂಗಸು ಬರುತ್ತಾಳೆ. ಯುದ್ಧಕಾಲದ ಹಸಿವಿನಲ್ಲಿ ಹಿಟ್ಟಿಗೆ ಸುಣ್ಣದ ಪುಡಿ ಬೆರೆಸಿ ಮಾರುವವಳು. ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಸುಣ್ಣದಮ್ಮ’. ಓದಿದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಊರಿನವರಿಗೆ ಮಾತ್ರ ಅದು ಯಾರೆಂದು ಗೊತ್ತಿತ್ತು. ಮಕ್ಕಳು ಅವಳನ್ನು ಬೀದಿಯಲ್ಲಿ ಹಾಗೆಯೇ ಕೂಗಿದರು, ಗಿರಾಕಿಗಳು ಬರುವುದು ನಿಂತಿತು. ಅವಳು ಬೇಕರಿ ಮುಚ್ಚಿ ಊರು ಬಿಟ್ಟಳು.

“ಅವಳು ಬೆರೆಸಿದ್ದಳಾ?” ಎಂದು ಕೇಳಿದೆ.

“ಇಲ್ಲ. ಯಾರೋ ಆಡಿದ ಚಾಡಿ. ನನಗೆ ಅದು ಒಳ್ಳೆ ಕಥೆ ಅನ್ನಿಸಿತು, ಅಷ್ಟೆ... ಅವಳ ಬ್ರೆಡ್ಡಿನ ರುಚಿಯನ್ನೇ ಪ್ರತಿ ಶನಿವಾರ ಹುಡುಕ್ತೀನಿ. ಇನ್ನೂ ಸಿಕ್ಕಿಲ್ಲ.”

ಅದಾದ ಮೇಲಿನ ಶರತ್ಕಾಲದಲ್ಲಿ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಒಬ್ಬರೇ ಬಂದರು. ಅಜ್ಜ ಎಂದಿನಂತೆ ನಮ್ಮ ಅಡುಗೆಮನೆ ಸೇರಿದ್ದರು. ಅವರಿಲ್ಲವೆಂದು ಹೇಳಲು ನಾನು ಗೇಟಿಗೆ ಹೋದೆ. ಆಕೆ ಹರಕು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: “ಸುಣ್ಣದಮ್ಮನ ಮಗಳು ಬಂದಿದ್ದಾಳೆ ಅಂತ ತಿಳಿಸಿ.”

ಒಳಗೆ ಬಂದು ಹೇಳಿದಾಗ ಅಜ್ಜ ಎದ್ದು ತಮ್ಮ ಮನೆಯತ್ತ ಹೊರಟರು. “ನೀವೂ ಬನ್ನಿ,” ಎಂದು ನನ್ನ ತೋಳು ಹಿಡಿದುಕೊಂಡರು.

ಆಕೆ ಬೈಯಲಿಲ್ಲ. ಚೀಲದಿಂದ ಆ ಮೊದಲ ಕಾದಂಬರಿಯ ಹಳೆಯ ಪ್ರತಿಯನ್ನು ತೆಗೆದು ಮೇಜಿನ ಮೇಲಿಟ್ಟರು. ತೀರಿಹೋದ ತಾಯಿಯ ಪೆಟ್ಟಿಗೆಯಲ್ಲಿ ಸಿಕ್ಕಿತ್ತಂತೆ. ಆ ಅಡ್ಡಹೆಸರು ಬಂದ ಕಡೆಯಲ್ಲೆಲ್ಲ ಅದನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಮೇಲೆ ಪುಟ್ಟ ಅಕ್ಷರದಲ್ಲಿ ತನ್ನ ನಿಜವಾದ ಹೆಸರನ್ನು ಬರೆದಿದ್ದಳು ಆ ತಾಯಿ. ಅಜ್ಜ ಒಂದೊಂದೇ ಪುಟ ತಿರುವುತ್ತಾ ಆ ಹೆಸರನ್ನು ಪ್ರತಿ ಸಲವೂ ಬಾಯಿಬಿಟ್ಟು ಓದಿದರು. ಕೊನೆಯ ಪುಟ ಮುಗಿಯುವ ಹೊತ್ತಿಗೆ ಮೂವರಲ್ಲಿ ಯಾರ ಕಣ್ಣೂ ಒಣಗಿರಲಿಲ್ಲ.

ಹೊಸ ಮುದ್ರಣಕ್ಕೆ ಅಜ್ಜ ಎರಡೇ ಪುಟದ ಮುನ್ನುಡಿ ಬರೆದರು. ಆ ಹೆಂಗಸಿನ ಹಿಟ್ಟು ಶುದ್ಧವಾಗಿತ್ತು, ಸುಳ್ಳು ನನ್ನದು ಎಂದು, ಅವಳ ಮಗಳ ಒಪ್ಪಿಗೆ ಪಡೆದು ಹೆಸರು ಹಿಡಿದು ಬರೆದರು. ಜನ ಮೆಚ್ಚಿದ ಪಾತ್ರವನ್ನು ಯಾಕೆ ಕೆಡಿಸುತ್ತೀರಿ ಎಂದು ಪ್ರಕಾಶಕರು ಗೊಣಗಿದರು. ಅಜ್ಜ ಜಗ್ಗಲಿಲ್ಲ. ಓದುಗರು ಕೆಲವರು ಸಿಟ್ಟಿನ ಕಾಗದ ಬರೆದರು. “ಆರ್ ಯೂ ಸ್ಯಾಡ್?” ಎಂದು ನನ್ನ ಮಗಳು ಕೇಳಿದ್ದಕ್ಕೆ, “ಐ ಆಮ್ ಗ್ರ್ಯಾಂಡ್”, ಅಂದರೆ ಚೆನ್ನಾಗಿದ್ದೀನಿ, ಎಂದು ಅವಳದೇ ಐರಿಷ್ ಧಾಟಿಯಲ್ಲಿ ಅಂದು ನಕ್ಕಿದ್ದರು.

ಮರುವಸಂತದಲ್ಲಿ ಅಜ್ಜ ಹೋದರು. ಮಣ್ಣು ಮಾಡಿದ ದಿನ ನನ್ನ ಪಕ್ಕದಲ್ಲಿ ನಿಂತಿದ್ದವರು ಬೇಕರಿಯವಳ ಮಗಳು.

ಈಗ ನನ್ನ ಆಫೀಸಿನಲ್ಲಿ ಜರ್ಮನಿಯ ಹುಡುಗಿಯೊಬ್ಬಳಿದ್ದಾಳೆ. ಅಜ್ಜನ ಮಾತು ತೆಗೆದಾಗ ಅವಳ ಕಣ್ಣು ಅರಳಿತು. “ನಮ್ಮಜ್ಜಿ ಮನೇಲಿ ಅವರ ಪುಸ್ತಕ ಎಲ್ಲಾ ಇದ್ವು! ಆ ಸುಣ್ಣದಮ್ಮ ಬರ್ತಾಳಲ್ಲ, ಎಷ್ಟು ನಗ್ತಿದ್ವಿ!”

“ಮುನ್ನುಡಿ ಓದಿದ್ಯಾ?”

“ಅಯ್ಯೋ, ಮುನ್ನುಡಿ ಯಾರು ಓದ್ತಾರೆ?”

ಅಜ್ಜ ಇದ್ದಿದ್ದರೆ ಏನನ್ನುತ್ತಿದ್ದರೋ... ಕೇಳೋಣವೆಂದರೆ ಅವರಿಲ್ಲ. ಎದುರಿನ ಕುರ್ಚಿ ಎಳೆದುಕೊಂಡು ಕುಳಿತು, ಆ ತಾಯಿಯ ನಿಜವಾದ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದೆ. ಹುಡುಗಿ ನಗು ನಿಲ್ಲಿಸಿ, “ಇನ್ನೊಂದ್ಸಲ ಹೇಳಿ” ಎಂದಳು.