ಗ್ಲೆಂಡಲಾಕ್‌ನ ಸೂರಿಲ್ಲದ ಮನೆ

2024ರ ಅಕ್ಟೋಬರ್. ಐರ್ಲೆಂಡಿನ ನೇಸ್ ಊರಿನ ಒಂದು ಸಣ್ಣ ಪ್ರವಾಸ ಕಂಪನಿಯಲ್ಲಿ ನಾನು ವಾಕಿಂಗ್ ಗೈಡ್ ಆಗಿದ್ದೆ. ಕಂಪನಿ ಎಂದರೆ ಎರಡು ಮಿನಿಬಸ್ಸು, ಮೂವರು ಗೈಡುಗಳು, ಮತ್ತು ತಾನೇ ಒಂದು ಬಸ್ಸು ಓಡಿಸುತ್ತಿದ್ದ ಮಾಲೀಕ ಪಾಡ್ರಿಗ್. ಬೆಳಿಗ್ಗೆ ಜನರನ್ನು ಹತ್ತಿಸಿಕೊಂಡು ವಿಕ್ಲೋ ಬೆಟ್ಟಗಳಿಗೆ ಹೋಗುವುದು, ಹಿಮನದಿ ಕೊರೆದ ಸರೋವರಗಳನ್ನೂ ಕಮರಿಯನ್ನೂ ತೋರಿಸುವುದು, ಸಂಜೆಯೊಳಗೆ ಅಷ್ಟೂ ಜನರನ್ನು ವಾಪಸ್ ತರುವುದು. ಕನ್ನಡದವರ ಗುಂಪು ಬುಕ್ ಮಾಡಿದರೆ ಪಾಡ್ರಿಗ್ ನನ್ನನ್ನೇ ಕರೆಯುತ್ತಿದ್ದ.

ಕೆಲಸಕ್ಕೆ ಸೇರಿದ ದಿನ ಅವನು ಹೇಳಿಕೊಟ್ಟದ್ದು ಒಂದೇ ಪಾಠ: ತಲೆ ಎಣಿಸಬೇಡ, ಮುಖ ಎಣಿಸು. ಮಳೆ ಬಂದರೆ ಎಲ್ಲರೂ ರೇನ್‌ಕೋಟಿನ ಟೋಪಿ ಎಳೆದುಕೊಂಡು ಒಂದೇ ತರಹ ಕಾಣುತ್ತಾರೆ. ಬೇರೆ ಗುಂಪಿನ ಯಾರೋ ತಪ್ಪಿ ನಿನ್ನ ಬಸ್ಸು ಹತ್ತುತ್ತಾರೆ, ಲೆಕ್ಕ ಸರಿಹೋಗುತ್ತದೆ, ನಿನ್ನವರೊಬ್ಬರು ಬೆಟ್ಟದಲ್ಲೇ ಉಳಿಯುತ್ತಾರೆ. ಅಂದಿನಿಂದ ಬಾಗಿಲಲ್ಲಿ ನಿಂತು, ಹತ್ತುವ ಪ್ರತಿಯೊಬ್ಬರ ಮುಖವನ್ನೂ ನೋಡಿ ನಮಸ್ಕಾರ ಹೇಳುವುದು ನನಗೆ ಅಭ್ಯಾಸವಾಯಿತು.

ಆ ಶನಿವಾರ ಹಾಗೆ ನಿಂತಿದ್ದಾಗ ಪ್ರಭಾಕರ್ ಬಂದ. ಜೊತೆಗೆ ಮೈಸೂರಿನಿಂದ ಬಂದಿದ್ದ ಅವನ ಅತ್ತೆ ಸರೋಜಮ್ಮ. "ಮೇಡಂ, ಇವರಿಗೆ ಮುಂದಿನ ಸೀಟು ಕೊಡಿ, ಮಂಡಿ ನೋವು" ಎಂದ, ನನ್ನ ಭುಜದ ಮೇಲಿಂದ ಬಸ್ಸಿನೊಳಗೆ ನೋಡುತ್ತ. ನನ್ನ ಗುರುತು ಅವನಿಗೆ ಹತ್ತಲಿಲ್ಲ. ನನಗೆ ಆಶ್ಚರ್ಯವೂ ಆಗಲಿಲ್ಲ. ನಾವು ಅವನ ಮನೆಯಲ್ಲಿ ಬಾಡಿಗೆಗಿದ್ದಷ್ಟು ಕಾಲವೂ ಬಾಗಿಲು ತೆಗೆಯುತ್ತಿದ್ದವಳು ನಾನು. ಅವನು ಹೀಗೆಯೇ ಭುಜದ ಮೇಲಿಂದ ಒಳಗೆ ಇಣುಕಿ "ಮೋಹನ್ ಇದಾರಾ?" ಎಂದು ನನ್ನ ಗಂಡನ ಬಗ್ಗೆ ಕೇಳುತ್ತಿದ್ದ.

ಅದು ಆರು ವರ್ಷದ ಹಿಂದಿನ ಮಾತು. ಒಂದು ಭಾನುವಾರ ನಾನು ಮಾಡಿಕೊಟ್ಟ ಕಾಫಿ ಕುಡಿದು ಅವನು ಮೋಹನ್‌ಗೆ ಹೇಳಿದ: "ನೀವು ನಮ್ಮವರು, ಅರ್ಥ ಆಗತ್ತೆ ಅಲ್ವಾ. ನಮ್ಮ ಅಕ್ಕನ ಮಗ ಮಾಸ್ಟರ್ಸ್‌ಗೆ ಬರ್ತಿದಾನೆ. ಮನೆ ಬೇಕಾಗತ್ತೆ." ಈ ದೇಶದಲ್ಲಿ ಬಾಡಿಗೆದಾರರು ಒಂದು ಮನೆಯಲ್ಲಿ ನೆಲೆಯೂರಿದ ಮೇಲೆ ಸುಮ್ಮನೆ ಎಬ್ಬಿಸುವಂತಿಲ್ಲ. ಕಾನೂನು ಒಪ್ಪುವ ಕಾರಣ ಬೇಕು. ಹತ್ತಿರದ ಸಂಬಂಧಿಗೆ ಮನೆ ಬೇಕೆನ್ನುವುದು ಅಂಥದ್ದೊಂದು, ಆದರೆ ಅದನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ನಮ್ಮವರಲ್ಲವೇ ಎಂದು ನಾವು ಅದನ್ನು ಕೇಳಲಿಲ್ಲ.

ಡಿಸೆಂಬರ್‌ನಲ್ಲಿ ಬಿಟ್ಟೆವು. ಬೇರೆ ಮನೆ ಸಿಗಲಿಲ್ಲ. ಇಬ್ಬರು ಮಕ್ಕಳೊಂದಿಗೆ ಒಂದು ಗೆಸ್ಟ್‌ಹೌಸಿನ ಒಂದೇ ಕೋಣೆಯಲ್ಲಿ ಇದ್ದೆವು. ಕುಕ್ಕರ್, ಒಗ್ಗರಣೆ ಡಬ್ಬಿ ಎಲ್ಲ ಕಾರಿನ ಡಿಕ್ಕಿಯಲ್ಲಿ. ಕೋಣೆಯಲ್ಲಿದ್ದದ್ದು ಒಂದು ಕೆಟಲ್. ತೆಳು ಅವಲಕ್ಕಿಗೆ ಅದರ ಬಿಸಿನೀರು ಹುಯ್ದು, ಉಪ್ಪು, ನಿಂಬೆರಸ ಹಾಕಿ ಮಕ್ಕಳಿಗೆ ಕೊಟ್ಟೆ, ಚಳಿಗಾಲ ಮುಗಿಯುವವರೆಗೆ. ಒದ್ದೆ ಯೂನಿಫಾರ್ಮನ್ನು ಹೇರ್ ಡ್ರೈಯರ್‌ನಲ್ಲಿ ಒಣಗಿಸಿದೆ. ಕರಿಬೇವಿನ ಗಿಡ ಆ ಕೋಣೆಯ ಕತ್ತಲಲ್ಲಿ ಬದುಕಲಾರದೆಂದು ಹಳೆಯ ಮನೆಯ ಅಡುಗೆಮನೆ ಕಿಟಕಿಯಲ್ಲೇ ಬಿಟ್ಟು ಬಂದಿದ್ದೆ. ಮುಂದಿನ ತಿಂಗಳು ಆ ದಾರಿಯಲ್ಲಿ ಹೋದಾಗ ನೋಡಿದರೆ ಬೇರೆ ಯಾರದೋ ಪರದೆ, ಅಂಗಳದಲ್ಲಿ ಮಗುವಿನ ಸೈಕಲ್ಲು. ಓದಲು ಬಂದ ಹುಡುಗನ ಸುಳಿವಿಲ್ಲ. ಬಾಡಿಗೆ ಏರಿಸಿ ಹೊಸಬರಿಗೆ ಕೊಟ್ಟಿದ್ದ. "ಹೋಗ್ಲಿ ಬಿಡೆ" ಎಂದರು ಮೋಹನ್. ನಾನು ಬಿಡಲಿಲ್ಲ. ಅವನು ಎದುರಿಗೆ ಸಿಕ್ಕರೆ ಏನೆನ್ನಬೇಕೆಂದು ಚಪಾತಿ ಲಟ್ಟಿಸುವಾಗಲೆಲ್ಲ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಆ ದಿನದ ಗುಂಪಿನಲ್ಲಿ ಚೇತನ್, ನಮಿತಾ ಎಂಬ ದಂಪತಿ ಇದ್ದರು. ನಮಿತಾ ಐದು ತಿಂಗಳ ಗರ್ಭಿಣಿ. "ಇವರು ನಮ್ಮ ಟೆನೆಂಟ್ಸ್. ಟೆನೆಂಟ್ಸ್ ಅಂತ ಹೆಸರಿಗಷ್ಟೆ, ತಮ್ಮ ಇದ್ದ ಹಾಗೆ" ಎಂದು ಪ್ರಭಾಕರ್ ಬಸ್ಸಿಗೆಲ್ಲ ಕೇಳುವಂತೆ ಪರಿಚಯಿಸಿದ.

ಮೊದಲ ನಿಲುಗಡೆ ವಿಕ್ಲೋ ಗ್ಯಾಪ್ ಎಂಬ ಬೆಟ್ಟದ ಕಣಿವೆದಾರಿ. ಅಲ್ಲಿಂದ ಸ್ವಲ್ಪ ದೂರದಲ್ಲಿ ಒಂದು ಕೋರಿ ಸರೋವರವಿದೆ. ಕೋರಿ ಎಂದರೆ ಹಿಮಗಡ್ಡೆ ಸಾವಿರಾರು ವರ್ಷ ಬೆಟ್ಟದ ಮಗ್ಗುಲನ್ನು ಕೆರೆದು ಮಾಡಿದ ಬೋಗುಣಿ. ಹಿಮ ಕರಗಿದ ಮೇಲೆ ಅದರಲ್ಲಿ ನೀರು ನಿಂತಿತು. ಇಷ್ಟನ್ನು ಹೇಳಿ ಮುಗಿಸಿದಾಗ ನಮಿತಾ ಪಕ್ಕಕ್ಕೆ ಬಂದಳು.

"ಮೇಡಂ, ನೇಸ್‌ನಲ್ಲಿ ಯಾವ್ದಾದ್ರೂ ಮನೆ ಖಾಲಿ ಇದ್ಯಾ? ಡಿಸೆಂಬರ್‌ಗೆ ನಾವು ಬಿಡ್ಬೇಕು. ಎಲ್ಲಿ ಕೇಳಿದ್ರೂ ಇಲ್ಲ ಅಂತಾರೆ. ಇದು ಬೇರೆ" ಎಂದು ಹೊಟ್ಟೆಯ ಮೇಲೆ ಕೈಯಿಟ್ಟಳು.

"ಯಾಕೆ ಬಿಡ್ಬೇಕು?"

"ಸರ್ ಅಕ್ಕನ ಮಗ ಓದೋಕೆ ಬರ್ತಿದಾರಂತೆ. ಒಳ್ಳೆ ಮನೆ ಮೇಡಂ. ಕಿಚನ್ ಕಿಟಕಿಲಿ ಒಂದು ಕರಿಬೇವಿನ ಗಿಡ ಇದೆ, ಯಾರೋ ಹಿಂದಿನವರು ಬಿಟ್ಟೋಗಿದ್ದು. ಅದನ್ನ ಬಿಡೋದೇ ನಂಗೆ ಬೇಜಾರು."

"ಚಳಿಗಾಲದಲ್ಲಿ ಅದಕ್ಕೆ ನೀರು ಕಮ್ಮಿ ಹಾಕಮ್ಮ" ಎಂದೆ. ಆರು ವರ್ಷ ರೂಢಿ ಮಾಡಿಕೊಂಡ ಬೈಗುಳಗಳನ್ನೆಲ್ಲ ಅಲ್ಲೇ ಕೈಬಿಟ್ಟೆ. ಅವನ್ನು ಅವನೊಬ್ಬನೇ ಕೇಳಿದರೆ ಏನು ಪ್ರಯೋಜನ? ಇವರಿಬ್ಬರ ಮನೆ ಉಳಿಯಬೇಕು, ಅದೂ ಅವನ ಮುಖ ಎಲ್ಲರ ಎದುರು ಇಳಿಯುವ ಹಾಗೆ.

ಗ್ಲೆಂಡಲಾಕ್ ಎಂದರೆ ಎರಡು ಸರೋವರಗಳ ಕಣಿವೆ. ಮೇಲಿನ ಸರೋವರದ ಹತ್ತಿರ ಒಂದು ತೊರೆ ಬಂಡೆ ಸೀಳಿಕೊಂಡು ಆಳದ ಕಮರಿಗೆ ಧುಮುಕುತ್ತದೆ. ಬೆಟ್ಟದ ದಾರಿಯಲ್ಲಿ ನಮ್ಮದೊಂದು ಪದ್ಧತಿಯಿದೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಗೈಡಿನ ಪಕ್ಕದಲ್ಲಿ, ಸ್ವೀಪ್ ಎನ್ನುವವರು ಕೊನೆಯಲ್ಲಿ. ಸ್ವೀಪ್ ಯಾರನ್ನೂ ದಾಟಿ ಮುಂದೆ ಹೋಗುವಂತಿಲ್ಲ. ಸರೋಜಮ್ಮನವರನ್ನು ಪಕ್ಕಕ್ಕೆ ಕರೆದುಕೊಂಡೆ. ಫೋಟೊಗೆಂದು ಮುಂದೆ ಓಡಲು ಹವಣಿಸುತ್ತಿದ್ದ ಪ್ರಭಾಕರ್‌ನನ್ನು ಸ್ವೀಪ್ ಮಾಡಿದೆ.

"ನಾನ್ಯಾಕೆ ಮೇಡಂ ಲಾಸ್ಟು?"

"ಜವಾಬ್ದಾರಿ ಇರೋರಿಗೇ ಕೊಡೋದು ಸರ್ ಅದು."

ಅತ್ತೆಯ ಮಂಡಿಯ ವೇಗದಲ್ಲಿ ಅವನು ಉದ್ದಕ್ಕೂ ಹಿಂದೆ ಬಂದ. ನಾನೂ ಅವರಿಗೆ ಬೇಕಾದ್ದಕ್ಕಿಂತ ಹೆಚ್ಚೇ ನಿಧಾನ ಮಾಡಿದೆ. ಸರೋಜಮ್ಮನಿಗೆ ಮಾತಾಡಲು ಜನ ಸಿಕ್ಕಿದ್ದೇ ಖುಷಿ. "ಬಂದಾಗಿಂದ ಸೋಫಾ ಮೇಲೆ ಕೂರಿಸಿಟ್ಟಿದಾರೆ ಕಣಮ್ಮ, ಬೊಂಬೆ ಥರ" ಎಂದರು. ನಾನು ಅವರ ಊರು, ಮಕ್ಕಳು, ಬೀಗರ ಕಡೆಯವರು ಎಲ್ಲರನ್ನೂ ವಿಚಾರಿಸಿಕೊಂಡೆ.

ಕಮರಿಯ ಅಂಚಿನಲ್ಲಿ ಪ್ರಭಾಕರ್ ಫೋನ್ ಹಿಡಿದು ಬೇಲಿಯಾಚೆ ಕಾಲಿಟ್ಟ. ಅಲ್ಲಿಯ ಹುಲ್ಲು ನೆಲದಂತೆ ಕಾಣುತ್ತದೆ, ಕೆಳಗೆ ಏನೂ ಇರುವುದಿಲ್ಲ. "ಪ್ರಭಾಕರ್, ಹಿಂದೆ ಬಾ" ಎಂದು ಕೂಗಿದೆ, ಸರ್ ಇಲ್ಲ, ಬಹುವಚನವೂ ಇಲ್ಲ. ತಕ್ಷಣ ಬಂದ. ಅವನು ಬೀಳುವುದು ನನಗೆ ಬೇಕಿರಲಿಲ್ಲ. ಬಿದ್ದವನನ್ನು ಕಂಡರೆ ಜನ ಅಯ್ಯೋ ಎನ್ನುತ್ತಾರೆ. ಅವನನ್ನು ಕಂಡು ಯಾರಾದರೂ ಅಯ್ಯೋ ಎನ್ನುವುದು ನನಗೆ ಇಷ್ಟವಿರಲಿಲ್ಲ.

ಊಟಕ್ಕೆ ಸರೋವರದ ಬಳಿಯ ಒಂದು ಪಾಳುಮನೆಯ ಹತ್ತಿರ ಕೂತೆವು. ಸೂರಿಲ್ಲ. ನಾಲ್ಕು ಮೋಟು ಗೋಡೆ, ನಡುವೆ ಒಲೆಯ ಕಲ್ಲು. ಡಬ್ಬಿಗಳು ತೆರೆದವು, ಚಿತ್ರಾನ್ನ, ಚಪಾತಿ, ಚಟ್ನಿಪುಡಿ ಕೈಯಿಂದ ಕೈಗೆ ಹೋದವು. ಈ ದೇಶದಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಇದರಲ್ಲಿದ್ದವರು ಯಾರೆಂದು ನನಗೆ ಗೊತ್ತಿಲ್ಲ, ಹಾಗೆಂದೇ ಹೇಳಿ, ಹಿಂದಿನ ಕಾಲದ ಜಮೀನ್ದಾರರು ಚಳಿಗಾಲದಲ್ಲಿ ಒಕ್ಕಲುಗಳನ್ನು ಹೊರಹಾಕುತ್ತಿದ್ದ ಬಗೆ ವಿವರಿಸಿದೆ. ಮತ್ತೆ ಒಳಹೊಕ್ಕಾರೆಂದು ಸೂರನ್ನೂ ಕೆಡವುತ್ತಿದ್ದರು. ಯಾರು ಯಾರನ್ನು ಹೊರಹಾಕಿದರು ಎಂಬುದನ್ನು ಇಲ್ಲಿಯ ಜನ ಇಂದಿಗೂ ಮರೆತಿಲ್ಲ.

"ಈಗಿನ ಕಾಲದ್ದೂ ಒಂದಿದೆ" ಎಂದೆ.

ಯಾರ ಹೆಸರೂ ಹೇಳಲಿಲ್ಲ, ನಮ್ಮ ಕಥೆಯೆಂದೂ ಹೇಳಲಿಲ್ಲ. ಕೆಟಲ್ಲು, ಅವಲಕ್ಕಿ, ಒದ್ದೆ ಯೂನಿಫಾರ್ಮ್, ಕಿಟಕಿಯಲ್ಲಿ ಬಿಟ್ಟ ಗಿಡ, ಎಲ್ಲ ಹೇಳಿದೆ. "ಆ ಓನರ್ ಕಾಫಿ ಕುಡಿದು ಏನಂದ್ರು ಗೊತ್ತಾ? 'ನೀವು ನಮ್ಮವರು, ಅರ್ಥ ಆಗತ್ತೆ ಅಲ್ವಾ. ಅಕ್ಕನ ಮಗ ಬರ್ತಿದಾನೆ' ಅಂದ್ರು."

ಚೇತನ್ ಚಪಾತಿ ಕೆಳಗಿಟ್ಟ. ನಮಿತಾ ಗಂಡನ ಮುಖ ನೋಡಿದಳು.

"ಮೇಡಂ, ನಾವು ಲೇಕ್ ನೋಡೋಕೆ ಬಂದಿರೋದು" ಎಂದ ಪ್ರಭಾಕರ್.

"ಎದುರಿಗೇ ಇದೆ ಸರ್, ನೋಡಿ."

ನಮಿತಾ ಮೆಲ್ಲಗೆ ಕೇಳಿದಳು. "ಆಮೇಲೆ ಆ ಅಕ್ಕನ ಮಗ ಬಂದ್ನಾ?"

"ಇನ್ನೂ ಬಂದಿಲ್ಲಮ್ಮ. ಆರು ವರ್ಷದಿಂದ ಬರ್ತಾನೇ ಇದಾನೆ."

ಚೇತನ್ ತಿರುಗಿದ. "ಸರ್, ನಿಮ್ಮ ಅಕ್ಕನ ಮಗ ಯಾವಾಗ ಬರೋದು?"

ಅವನು ಬಾಯಿ ತೆರೆಯುವಷ್ಟರಲ್ಲಿ ಸರೋಜಮ್ಮ ಚಿತ್ರಾನ್ನದ ತುತ್ತು ಹಿಡಿದುಕೊಂಡೇ, "ಯಾವ ಅಕ್ಕ?" ಎಂದರು. "ನಮ್ಮ ಅಳಿಯಂದ್ರಿಗೆ ಅಕ್ಕನೂ ಇಲ್ಲ, ತಂಗಿನೂ ಇಲ್ಲ. ಒಬ್ಬನೇ ಮಗ ಅಂತ್ಲೇ ಅಲ್ವಾ ನಾವು ಹೆಣ್ಣು ಕೊಟ್ಟಿದ್ದು."

"ಅತ್ತೆ, ಕಸಿನ್ ಮಗ. ದೊಡ್ಡಪ್ಪನ ಮಗಳ..."

"ಹುಬ್ಬಳ್ಳಿಯವಳಾ? ಅವಳಿಗೆ ಎರಡೂ ಹೆಣ್ಣಲ್ವೇನ್ರಿ."

ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು. ಸರೋಜಮ್ಮನ ಈ ಮಾತು ನನಗೆ ಹೊಸದಲ್ಲ. ಕಮರಿಯ ದಾರಿಯಲ್ಲೇ ಎಲ್ಲ ಹೇಳಿದ್ದರು. ಅವರ ಕಿವಿಗೆ ಬೀಳುವ ಜಾಗದಲ್ಲಿ ಕೂತು ಕಥೆ ಹೇಳುವುದಷ್ಟೇ ನನಗೆ ಉಳಿದಿದ್ದ ಕೆಲಸ. ಪ್ರಭಾಕರ್ ಕಿವಿಯವರೆಗೂ ಕೆಂಪಾಗಿದ್ದನ್ನು ನಿಧಾನವಾಗಿ, ಪೂರ್ತಿಯಾಗಿ ನೋಡಿದೆ. ಆಮೇಲೆ ಎದ್ದು ಸರೋಜಮ್ಮನಿಗೆ ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಟ್ಟೆ.

ವಾಪಸ್ ಬರುವಾಗ ಅವನು ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತ. ನೇಸ್‌ನಲ್ಲಿ ಇಳಿದು "ನಿಮ್ಮ ಕಂಪನಿಗೆ ಕಂಪ್ಲೇಂಟ್ ಮಾಡ್ತೀನಿ" ಎಂದ. ಮಾಲೀಕ ಸ್ಟೀರಿಂಗ್ ಮುಂದೆಯೇ ಇದ್ದಾನೆ ಎಂದು ಕೈ ತೋರಿಸಿದೆ. ಅವನು ಹೇಳಿದ್ದನ್ನೆಲ್ಲ ಪಾಡ್ರಿಗ್ ಕೇಳಿಸಿಕೊಂಡ, ಎಲ್ಲರೂ ಹೋದ ಮೇಲೆ ನನ್ನ ಬಾಯಿಂದ ಕಥೆ ಹೇಳಿಸಿದ. ಕೊನೆಗೆ, ಇದು ನಿಜವೋ ಎಂದು ಕೇಳಿದ. ಪ್ರತಿ ಮಾತೂ ನಿಜ ಎಂದೆ. ಇಲ್ಲಿಯವರು ಸರಿ ಬಿಡು ಎನ್ನುವಂತೆ "ಗ್ರ್ಯಾಂಡ್" ಎಂದು ಗಾಡಿ ಸ್ಟಾರ್ಟ್ ಮಾಡಿದ.

ಅಂದು ಇಳಿಯುವಾಗ ಚೇತನ್‌, ನಮಿತಾ ಇಬ್ಬರಿಗೂ ಆ ಮನೆಯಲ್ಲಿದ್ದವರು ನಾವೇ ಎಂದು ಹೇಳಿ, ಪ್ರಮಾಣ ಮಾಡಿದ ಪತ್ರ ಕೇಳಿ ಎಂದು ಚೇತನ್‌ಗೆ ಹೇಳಿಕೊಟ್ಟಿದ್ದೆ. ಕೇಳಿದ. ಪತ್ರ ಬರಲಿಲ್ಲ, "ಪ್ಲಾನ್ ಚೇಂಜ್ ಆಯ್ತು, ನೀವೇ ಇರಿ" ಎಂಬ ಮೆಸೇಜ್ ಬಂತು.

ವಸಂತ ಬರುವ ಹೊತ್ತಿಗೆ ಆ ಮನೆಯಲ್ಲೇ ಮಗುವಿಗೆ ನಾಮಕರಣವಾಯಿತು. ಕರಿಬೇವಿನ ಗಿಡ ಕಿಟಕಿಯ ಅರ್ಧದವರೆಗೆ ಬೆಳೆದಿತ್ತು. ಒಂದು ಎಸಳು ಕಿತ್ತು ನಾನೇ ಒಗ್ಗರಣೆ ಹಾಕಿದೆ. "ಅವ್ರನ್ನೂ ಕರೆದಿದೀವಿ ಅಕ್ಕ" ಎಂದಳು ನಮಿತಾ, "ಬೆಲ್ ಆದ್ರೆ ನೀವೇ ಬಾಗಿಲು ತೆಗೀಬೇಕು."

ತೆಗೆದೆ. ಸ್ವೀಟ್ ಬಾಕ್ಸ್ ಹಿಡಿದು ಪ್ರಭಾಕರ್ ನಿಂತಿದ್ದ. ಅಭ್ಯಾಸದಂತೆ ನನ್ನ ಭುಜದ ಮೇಲಿಂದ ಒಳಗೆ ಇಣುಕಲು ಹೋದವನು ಅರ್ಧಕ್ಕೇ ನಿಂತ. ಆಮೇಲೆ ನನ್ನ ಮುಖ ನೋಡಿದ. ಈ ಬಾಗಿಲು ಯಾರು ತೆಗೆಯುತ್ತಿದ್ದರು ಎಂಬುದು ಅವನಿಗೆ ಆಗ ನೆನಪಾಗುತ್ತಿದ್ದುದು ನನಗೆ ಕಾಣುತ್ತಿತ್ತು. ಹೊರಗೆ ಚಳಿಯಿತ್ತು. ಅವನಿಗೆ ಪೂರ್ತಿ ನೆನಪಾಗುವವರೆಗೆ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದೆ, ಆಮೇಲೆ ಪಕ್ಕಕ್ಕೆ ಸರಿದೆ.

ಈಗಲೂ ಹೊಸ ಗೈಡುಗಳಿಗೆ ಮೊದಲ ದಿನ ನಾನು ಹೇಳಿಕೊಡುವುದು ಅದೊಂದನ್ನೇ: ತಲೆ ಎಣಿಸಬೇಡಿ, ಮುಖ ಎಣಿಸಿ. ಯಾಕೆಂದು ಕೇಳಿದವರಿಗೆ ಬೆಟ್ಟದಲ್ಲಿ ಉಳಿದುಹೋಗುವವರ ಕಥೆ ಹೇಳುತ್ತೇನೆ. ಇದನ್ನು ಹೇಳುವುದಿಲ್ಲ.